ರಿಸರ್ವ್‌ಗೆ ಬಿದ್ದ ಮೇಲೆ ಎಷ್ಟು ದೂರ?

ಹೋದ ತಿಂಗಳು ರಾತ್ರಿ ಹತ್ತೂವರೆಗೆ ನಾಯಂಡಹಳ್ಳಿ ಕಡೆಯಿಂದ ಮೂಡಲಪಾಳ್ಯದ ರೂಮಿಗೆ ಬರ್ತಿದ್ವಿ. ರಿಂಗ್ ರೋಡಲ್ಲಿ ಗಾಡಿ ಎರಡು ಸಲ ಜರ್ಕ್ ಹೊಡೆದು ಆಫ್ ಆಯ್ತು. ರೂಮ್‌ಮೇಟ್‌ದು ಹಳೇ ಕಾರ್ಬ್ಯುರೇಟರ್ ಸ್ಪ್ಲೆಂಡರ್. ಹಿಂದೆ ಕೂತಿದ್ದ ನಾನು ಆರಾಮಾಗಿ "ರಿಸರ್ವ್‌ಗೆ ತಿರುಗಿಸೋ ಮಗಾ" ಅಂದೆ. ಅವನು ಬಗ್ಗಿ ನಾಬ್ ಮುಟ್ಟಿ ನೋಡಿದ. "ರಿಸರ್ವಲ್ಲೇ ಇದೆ ಕಣೋ!"

ಯಾರೋ ಗಾಡಿ ಇಸ್ಕೊಂಡು ಹೋದವರು ರಿಸರ್ವ್‌ಗೆ ತಿರುಗಿಸಿ, ಪೆಟ್ರೋಲ್ ಹಾಕಿಸಿದ ಮೇಲೆ ವಾಪಸ್ ತಿರುಗಿಸೋದನ್ನ ಮರೆತಿದ್ದರು. ಅಲ್ಲಿಂದಾಚೆಗೆ ಆ ಟ್ಯಾಂಕಿಗೆ ರಿಸರ್ವ್ ಅನ್ನೋದೇ ಇರಲಿಲ್ಲ. ಇದೆ ಅಂತ ನಂಬಿ ಓಡಿಸ್ತಿದ್ದೆವು, ಅಷ್ಟೇ. ಗಾಡಿಯನ್ನ ಪಕ್ಕಕ್ಕೆ ಮಲಗಿಸಿ ಎತ್ತಿದೆವು. ಟ್ಯಾಂಕಿನ ಮೂಲೆಯಲ್ಲಿ ಉಳಿದಿದ್ದ ಒಂದು ಗುಟುಕು ಈಚೆ ಬಂತು, ಅರ್ಧ ಕಿಲೋಮೀಟರ್ ಓಡಿತು. ಉಳಿದದ್ದಕ್ಕೆ ತಳ್ಳಿದೆವು.

ಆ ರಾತ್ರಿ ಬೈಕಿಗೆ ಆದ ಪ್ರತಿಯೊಂದೂ ಸಣ್ಣ ವಿಮಾನಗಳಿಗೂ ಆಗುತ್ತೆ. ಇಲ್ಲದ ರಿಸರ್ವನ್ನು ಇದೆ ಅಂದುಕೊಳ್ಳೋದು, ಟ್ಯಾಂಕಲ್ಲಿ ಇದ್ದರೂ ಎಂಜಿನ್‌ಗೆ ಬರದ ಇಂಧನ, ಬೇರೆಯವರು ತಿರುಗಿಸಿಟ್ಟ ನಾಬ್ ಎಲ್ಲವೂ. ಮೇಲೆ ನಿಂತರೆ ತಳ್ಳೋಕೆ ಆಗಲ್ಲ ಅನ್ನೋದೊಂದೇ ವ್ಯತ್ಯಾಸ.

ಮೂಡಲಪಾಳ್ಯದ ಮೇಲೆ ಎಂಜಿನ್ ನಿಂತರೆ

ಎಂಜಿನ್ ನಿಂತ ತಕ್ಷಣ ವಿಮಾನ ಕಲ್ಲಿನ ಹಾಗೆ ಬೀಳಲ್ಲ. ತೇಲುತ್ತಾ ಇಳಿಯುತ್ತೆ. ಸೆಸ್ನಾ 152, 172 ತರಹದ ತರಬೇತಿ ವಿಮಾನಗಳ ಗ್ಲೈಡ್ ಅನುಪಾತ ಸುಮಾರು 9. ಅಂದರೆ ಒಂದು ಕಿಲೋಮೀಟರ್ ಇಳಿಯುವಷ್ಟರಲ್ಲಿ ಒಂಬತ್ತು ಕಿಲೋಮೀಟರ್ ಮುಂದೆ ಹೋಗುತ್ತೆ. ಅದೂ ಗಾಳಿ ಇಲ್ಲದಿದ್ದರೆ, ಪೈಲಟ್ ಸರಿಯಾದ ವೇಗ ಹಿಡಿದಿದ್ದರೆ, ಎಲ್ಲೂ ತಿರುಗದಿದ್ದರೆ.

ಸುಮ್ಮನೆ ಕಲ್ಪನೆಗೆ, ಮೂಡಲಪಾಳ್ಯ ಸರ್ಕಲ್‌ನ ನೆತ್ತಿಯ ಮೇಲೆ, ನೆಲದಿಂದ ಒಂದು ಕಿಲೋಮೀಟರ್ ಎತ್ತರದಲ್ಲಿ ಎಂಜಿನ್ ನಿಂತಿತು ಅನ್ನಿ. ನಕ್ಷೆಯಲ್ಲಿ ಸೀದಾ ಗೆರೆ ಎಳೆದರೆ ಜಕ್ಕೂರು ಏರೋಡ್ರೋಮ್‌ಗೆ ಹದಿನಾಲ್ಕು ಕಿಲೋಮೀಟರಿಗೂ ಹೆಚ್ಚು. ಎಚ್‌ಎಎಲ್ ರನ್‌ವೇಗೆ ಹತ್ತಿರ ಹತ್ತಿರ ಹದಿನಾರು. ಎರಡೂ ಸಿಗಲ್ಲ. ಒಂಬತ್ತು ಕಿಲೋಮೀಟರ್ ತ್ರಿಜ್ಯದ ವೃತ್ತ ಎಳೆದು ನೋಡಿ: ವಿಜಯನಗರ, ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿ. ಬರೀ ಮನೆ, ವೈರು, ಮೆಟ್ರೋ ಕಂಬ. ನೈಋತ್ಯಕ್ಕೆ ಜ್ಞಾನಭಾರತಿ ಕ್ಯಾಂಪಸ್‌ನ ಹಸಿರು ಕಾಣುತ್ತೆ, ಅದರಲ್ಲೂ ಮರಗಳೇ ಜಾಸ್ತಿ. ಯೋಚನೆ ಮಾಡೋಕೆ ಇರೋ ಸಮಯ ಸುಮಾರು ಐದು ನಿಮಿಷ. ನಾಗರಭಾವಿ ಸಿಗ್ನಲ್‌ನಲ್ಲಿ ಸಂಜೆ ಹೊತ್ತು ಇದಕ್ಕಿಂತ ಜಾಸ್ತಿ ಕಾಯ್ತೀವಿ.

ನಮ್ಮಲ್ಲಿ ಸಣ್ಣ ವಿಮಾನದ ಅಪಘಾತ ಅಂದರೆ ಎಲ್ಲರಿಗೂ ನೆನಪಾಗೋದು 2004ರ ಏಪ್ರಿಲ್ 17. ಜಕ್ಕೂರಿನಿಂದ ಹೊರಟ ಸೆಸ್ನಾ 180 ಸ್ವಲ್ಪ ಹೊತ್ತಿಗೇ ಜಿಕೆವಿಕೆ ಆವರಣದಲ್ಲಿ ಬಿದ್ದು ನಟಿ ಸೌಂದರ್ಯ ಸೇರಿ ನಾಲ್ವರು ತೀರಿಕೊಂಡರು. ಅದು ಇಂಧನ ಮುಗಿದು ಆದದ್ದಲ್ಲ. ಆಗಷ್ಟೇ ಏರುತ್ತಿದ್ದ ವಿಮಾನ ಅದು, ಎತ್ತರವೂ ಇರಲಿಲ್ಲ, ಸಮಯವೂ ಇರಲಿಲ್ಲ. ಇಂಧನ ಮುಗಿಯುವ ಅಪಘಾತ ಇದಕ್ಕೆ ಪೂರ್ತಿ ಉಲ್ಟಾ. ಅದು ನಿಧಾನವಾಗಿ, ಗಂಟೆಗಟ್ಟಲೆ ನೋಟಿಸ್ ಕೊಟ್ಟು ಬರುತ್ತೆ. ಅದಕ್ಕೇ ಅದು ನನ್ನನ್ನ ಹೆಚ್ಚು ಕಾಡಿದ್ದು.

ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2011ರಿಂದ 2015ರವರೆಗಿನ ಸಣ್ಣ ವಿಮಾನಗಳ ಲೆಕ್ಕ ತೆಗೆದಿತ್ತು. ಇಂಧನ ನಿರ್ವಹಣೆಯ ತಪ್ಪಿನಿಂದ ವರ್ಷಕ್ಕೆ ಸರಾಸರಿ 50ಕ್ಕೂ ಹೆಚ್ಚು ಅಪಘಾತ. ಅದರಲ್ಲಿ 56 ಶೇಕಡಾ ಇಂಧನ ಪೂರ್ತಿ ಖಾಲಿಯಾಗಿ ಆದದ್ದು. 35 ಶೇಕಡಾದಲ್ಲಿ ವಿಮಾನದಲ್ಲಿ ಇಂಧನ ಇತ್ತು, ಎಂಜಿನ್‌ಗೆ ತಲುಪಲಿಲ್ಲ. ಮೊದಲನೆಯದು ಟ್ಯಾಂಕ್ ಒಣಗಿದ ಕಥೆ, ಎರಡನೆಯದು ನಾಬ್ ತಪ್ಪಾಗಿದ್ದ ಕಥೆ. ಎರಡನ್ನೂ ನಾವು ಒಂದೇ ರಾತ್ರಿ ಅನುಭವಿಸಿದೆವು. ಯಂತ್ರದ ದೋಷದಿಂದ ಆದದ್ದು ಇದರಲ್ಲಿ ಬರೀ 5 ಶೇಕಡಾ.

ಇವೆಲ್ಲ ಹೊಸಬರ ತಪ್ಪು ಅಂದುಕೊಂಡಿದ್ದೆ. ಕಲಿಯುತ್ತಿರುವ ಪೈಲಟ್‌ಗಳ ಪಾಲು ಬರೀ 2 ಶೇಕಡಾ. ಹೆಚ್ಚುಕಮ್ಮಿ ಅರ್ಧದಷ್ಟು ಮಂದಿ ವೃತ್ತಿಪರ ಲೈಸೆನ್ಸ್ ಇದ್ದವರು! ಕಲಿಯುವವನ ತಲೆಯ ಮೇಲೆ ಇನ್‌ಸ್ಟ್ರಕ್ಟರ್ ಕೂತಿರ್ತಾರೆ, ಅಳತೆ ಕಡ್ಡಿ ಅದ್ದಿ ತೋರಿಸು ಅಂತಾರೆ. ಸಾವಿರ ಗಂಟೆ ಹಾರಿಸಿದವನನ್ನು ಯಾರು ಕೇಳ್ತಾರೆ?

ಮುಳ್ಳು ಯಾಕೆ ಸುಳ್ಳು ಹೇಳುತ್ತೆ

"ಗೇಜ್ ಇಲ್ವಾ?" ಅಂತ ಕೇಳ್ತೀರಿ. ಇದೆ. ಹಳೇ ಬಜಾಜ್ ಸ್ಕೂಟರ್ ಇದ್ದ ಮನೆಯವರಿಗೆ ಗೊತ್ತಿರುತ್ತೆ, ಅಪ್ಪ ಬೆಳಿಗ್ಗೆ ಗಾಡಿಯನ್ನ ಸ್ಟ್ಯಾಂಡಿನ ಮೇಲೇ ಅಲ್ಲಾಡಿಸಿ ಗುಳುಗುಳು ಶಬ್ದ ಕೇಳಿ "ಆಫೀಸಿಗೆ ಸಾಕು" ಅಂತ ತೀರ್ಮಾನ ಮಾಡ್ತಿದ್ದರು. ಹಳೆಯ ಪೈಪರ್ ಕಬ್ ವಿಮಾನದ್ದೂ ಹೆಚ್ಚುಕಮ್ಮಿ ಅದೇ ಮಟ್ಟದ ತಂತ್ರಜ್ಞಾನ. ಟ್ಯಾಂಕಿನೊಳಗೆ ತೇಲುವ ಒಂದು ಕಾರ್ಕ್, ಅದಕ್ಕೆ ಸಿಕ್ಕಿಸಿದ ತಂತಿ ಮುಚ್ಚಳದ ತೂತಿನಿಂದ ಹೊರಗೆ ಚಾಚಿರುತ್ತೆ. ತಂತಿ ಕೆಳಗಿಳಿದಷ್ಟೂ ಇಂಧನ ಕಮ್ಮಿ. ನನ್ನ ಪ್ರಕಾರ ಇಷ್ಟು ಪ್ರಾಮಾಣಿಕವಾದ ಗೇಜ್ ಆಮೇಲೆ ಬಂದಿಲ್ಲ.

ರೆಕ್ಕೆಯೊಳಗೆ ಟ್ಯಾಂಕ್ ಹೋದ ಮೇಲೆ ಕಥೆ ಬದಲಾಯಿತು. ಕಾರಿನಲ್ಲಿರುವ ತೇಲುಗುಂಡು, ತೋಳು, ರೆಸಿಸ್ಟರ್, ಅದೇ ಏರ್ಪಾಡು ಇಲ್ಲೂ. ಆದರೆ ರೆಕ್ಕೆಯ ಟ್ಯಾಂಕ್ ಅಗಲ ಜಾಸ್ತಿ, ಆಳ ಕಮ್ಮಿ. ಒಂದು ಲೆಕ್ಕ ಮಾಡೋಣ. ಟ್ಯಾಂಕ್ 1 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ ಅಂತ ಇಟ್ಕೊಳ್ಳಿ. ವಿಸ್ತೀರ್ಣ 0.6 ಚದರ ಮೀಟರ್. ತೇಲುಗುಂಡು 1 ಸೆಂಟಿಮೀಟರ್ ತಪ್ಪು ಹೇಳಿದರೆ 6 ಲೀಟರ್ ತಪ್ಪು. ಗಂಟೆಗೆ 23 ಲೀಟರ್ ಕುಡಿಯುವ ಎಂಜಿನ್‌ಗೆ ಅದು ಕಾಲು ಗಂಟೆ. ವಿಮಾನ ಒಂದು ಕಡೆ ವಾಲಿದರೆ, ಮೂಗು ಎತ್ತಿದರೆ, ಗಾಳಿಯಲ್ಲಿ ಕುಲುಕಿದರೆ 1 ಸೆಂಟಿಮೀಟರ್ ಏನು ಲೆಕ್ಕ? ಇನ್‌ಸ್ಟ್ರುಮೆಂಟೇಶನ್ ಓದುವವರು ಇದನ್ನ ಒಂದು ಒಳ್ಳೆಯ ಪ್ರಾಜೆಕ್ಟ್ ಅಂತ ತಗೋಬಹುದು.

ಇನ್ನು "ಬಳಸಲಾಗದ ಇಂಧನ" ಅಂತ ಒಂದಿದೆ. ಸೆಸ್ನಾ 172ರ ಎಸ್ ಮಾದರಿಯಲ್ಲಿ ಟ್ಯಾಂಕುಗಳ ಒಟ್ಟು ಸಾಮರ್ಥ್ಯ 56 ಗ್ಯಾಲನ್, ಬಳಸಬಹುದಾದದ್ದು 53. ಮಿಕ್ಕ 3 ಗ್ಯಾಲನ್, ಅಂದರೆ ಸುಮಾರು 11 ಲೀಟರ್, ತಳದಲ್ಲಿ ಉಳಿಯುತ್ತೆ. ಎಲ್ಲ ಭಂಗಿಯಲ್ಲೂ ಅದು ಎಂಜಿನ್‌ಗೆ ಬರುತ್ತೆ ಅನ್ನೋ ಖಾತ್ರಿ ಇಲ್ಲ. ಗೇಜಿನ ಸೊನ್ನೆಯನ್ನು ಇದರ ಮೇಲೇ ಗುರುತು ಮಾಡಿರ್ತಾರೆ. ಬೈಕಾದರೆ ಮಲಗಿಸಿ ಎತ್ತಬಹುದು. ವಿಮಾನವನ್ನ?

ಇಂಧನ ಸದ್ದಿಲ್ಲದೆ ಕಳೆದುಹೋಗುವ ದಾರಿಯೂ ಒಂದಿದೆ. ರೆಕ್ಕೆಯ ಮೇಲಿನ ಮುಚ್ಚಳ ಸರಿಯಾಗಿ ಕೂರದಿದ್ದರೆ ಹಾರುವಾಗ ರೆಕ್ಕೆಯ ಮೇಲ್ಮೈಯಲ್ಲಿರುವ ಕಡಿಮೆ ಒತ್ತಡ ಇಂಧನವನ್ನ ಹೀರಿ ಹೊರಗೆ ಎರಚುತ್ತೆ. ರೆಕ್ಕೆಯನ್ನ ಎತ್ತುವ ಒತ್ತಡದ ವ್ಯತ್ಯಾಸವೇ ಟ್ಯಾಂಕನ್ನೂ ಖಾಲಿ ಮಾಡುತ್ತೆ. ಅದಕ್ಕೇ ಪೈಲಟ್‌ಗಳು ಹೊರಡುವ ಮುಂಚೆ ಏಣಿ ಹತ್ತಿ, ಅಳತೆ ಗುರುತಿರುವ ಕಡ್ಡಿ ಅದ್ದಿ ನೋಡಿ, ಮುಚ್ಚಳವನ್ನ ತಮ್ಮ ಕೈಯಾರೆ ತಿರುಗಿಸೋದು. ನೆಲ ಇಳಿಜಾರಾಗಿದ್ದರೆ ಕಡ್ಡಿಯೂ ತಪ್ಪು ಹೇಳುತ್ತೆ, ಅದು ಬೇರೆ ಮಾತು.

ಜಕ್ಕೂರಿನಿಂದ ಹುಬ್ಬಳ್ಳಿಗೆ, ಕಾಗದದ ಮೇಲೆ

ಒಂದು ಪ್ರಯಾಣದ ಲೆಕ್ಕ ಮಾಡೋಣ. ಇದು ನಡೆದ ಘಟನೆ ಅಲ್ಲ, ನಾನು ಕೂತು ಹಾಕಿದ ಲೆಕ್ಕ. ಸೆಸ್ನಾ 152ರಲ್ಲಿ ಬಳಸಬಹುದಾದ ಇಂಧನ 24.5 ಗ್ಯಾಲನ್, ಸುಮಾರು 93 ಲೀಟರ್. ಗಂಟೆಗೆ 23 ಲೀಟರ್ ಖರ್ಚು, 100 ನಾಟ್ ವೇಗ ಅಂತ ಇಟ್ಕೊಳ್ಳೋಣ. ಜಕ್ಕೂರಿನಿಂದ ಹುಬ್ಬಳ್ಳಿಗೆ ಆಕಾಶಮಾರ್ಗದಲ್ಲಿ ಸುಮಾರು 200 ನಾಟಿಕಲ್ ಮೈಲಿ. ಎರಡು ಗಂಟೆ, 46 ಲೀಟರ್. ಹಗಲಲ್ಲಿ ನೆಲ ನೋಡಿಕೊಂಡು ಹಾರುವ ಸಣ್ಣ ವಿಮಾನಕ್ಕೆ ಅಂತರರಾಷ್ಟ್ರೀಯ ನಿಯಮ 30 ನಿಮಿಷದ ಮೀಸಲು ಕೇಳುತ್ತೆ, ರಾತ್ರಿಯಾದರೆ 45. ಅರ್ಧ ಗಂಟೆಗೆ 11.5 ಸೇರಿಸಿದರೆ 58 ಲೀಟರ್ ಸಾಕು. ನಮ್ಮ ಪೈಲಟ್ ಜಾಣ, 65 ಹಾಕಿಸ್ತಾನೆ.

ಫುಲ್ ಟ್ಯಾಂಕ್ ಯಾಕೆ ಹಾಕಿಸಲ್ಲ? ಫುಲ್ ಟ್ಯಾಂಕ್ ಅಂದರೆ ಸುಮಾರು 67 ಕಿಲೋ. ಇಬ್ಬರು ದಪ್ಪಗಿರುವವರು, ಎರಡು ಬ್ಯಾಗು ಇದ್ದರೆ ಈ ಪುಟ್ಟ ವಿಮಾನದ ತೂಕದ ಮಿತಿ ದಾಟುತ್ತೆ. ಜೊತೆಗೆ ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿ ತೆಳು, ಏರೋದು ಕಷ್ಟ. ಹಾಗಾಗಿ ಇಂಧನ ಕಮ್ಮಿ ಮಾಡೋದು ಬೇಜವಾಬ್ದಾರಿಯೇ ಅಂತ ಹೇಳಕ್ಕಾಗಲ್ಲ. ಅದು ಒಂದು ಕೊಡು-ಕೊಳ್ಳುವ ಲೆಕ್ಕ.

ಈಗ ಜುಲೈ ತಿಂಗಳು ಅನ್ನಿ. ಮುಂಗಾರಿನ ಗಾಳಿ ಪಶ್ಚಿಮದಿಂದ. ಹುಬ್ಬಳ್ಳಿ ಇರೋದು ವಾಯವ್ಯಕ್ಕೆ. ಹಾದಿಗೆ ಎದುರಾಗಿ 25 ನಾಟ್ ಬಿತ್ತು ಅಂದರೆ ನೆಲದ ಮೇಲಿನ ವೇಗ 75. ಎರಡು ಗಂಟೆಯ ಹಾದಿ ಎರಡು ಗಂಟೆ ನಲವತ್ತು ನಿಮಿಷ ಆಯ್ತು. 61 ಲೀಟರ್. ಇಳಿದಾಗ ಉಳಿಯೋದು 4 ಲೀಟರ್, ಹತ್ತು ನಿಮಿಷಕ್ಕಾಗುವಷ್ಟು. ಅರ್ಧ ಗಂಟೆಯ ಮೀಸಲಿನಲ್ಲಿ ಇಪ್ಪತ್ತು ನಿಮಿಷ ಗಾಳಿಗೆ ಹೋಯ್ತು, ಅಕ್ಷರಶಃ.

ಇನ್ನೊಂದು ಸಣ್ಣ ವಿಷಯ. ಕಾರ್ಬ್ಯುರೇಟರ್ ಎಂಜಿನ್ ಎತ್ತರಕ್ಕೆ ಹೋದಷ್ಟೂ ಗಾಳಿ ಕಮ್ಮಿ, ಪೆಟ್ರೋಲ್ ಅಷ್ಟೇ. ಮಿಶ್ರಣ ರಿಚ್ ಆಗುತ್ತೆ. ಕೆಂಪು ನಾಬ್ ಎಳೆದು ಪೈಲಟ್ ತಾನೇ ಲೀನ್ ಮಾಡಬೇಕು. ನಮ್ಮವನು ಮಾಡಲಿಲ್ಲ ಅನ್ನಿ, ಖರ್ಚು ಗಂಟೆಗೆ 27 ಲೀಟರ್ ಆಯ್ತು. 65 ಲೀಟರ್ ಎರಡು ಗಂಟೆ ಇಪ್ಪತ್ನಾಲ್ಕು ನಿಮಿಷಕ್ಕೆ ಮುಗಿಯಿತು. ಅಷ್ಟರಲ್ಲಿ ಬಂದಿರೋದು 180 ಮೈಲಿ. ಎಂಜಿನ್ ನಿಲ್ಲೋದು ಲಕ್ಷ್ಮೇಶ್ವರ–ಶಿಗ್ಗಾಂವಿ ಸೀಮೆಯ ಯಾವುದೋ ಹೊಲದ ಮೇಲೆ. ಹುಬ್ಬಳ್ಳಿ ಇನ್ನೂ 36 ಕಿಲೋಮೀಟರ್. ನೆಲದಿಂದ ಐದು ಸಾವಿರ ಅಡಿ ಮೇಲಿದ್ದರೂ ತೇಲಿ ಹೋಗಬಹುದಾದದ್ದು ಹದಿಮೂರು ಹದಿನಾಲ್ಕು.

ಇದರಲ್ಲಿ ಯಾವ ಭಾಗ ಮುರಿದಿದೆ ಹೇಳಿ? ಯಾವುದೂ ಇಲ್ಲ. ಪೈಲಟ್ ನಿಯಮ ಕೇಳಿದ್ದಕ್ಕಿಂತ ಜಾಸ್ತಿಯೇ ಇಂಧನ ಹಾಕಿಸಿದ್ದ. ಗಾಳಿಯಿಲ್ಲದ ದಿನದ ಲೆಕ್ಕಕ್ಕೆ.

ನನಗೆ ಬಹಳ ಹಿಡಿಸಿದ್ದು ಈ ಲೆಕ್ಕದ ನಡುಭಾಗ. ಜಕ್ಕೂರು–ಹುಬ್ಬಳ್ಳಿ ಗೆರೆಯ ಸರಿ ಮಧ್ಯಕ್ಕೆ ಚಿತ್ರದುರ್ಗ ಬರುತ್ತೆ. ಯೋಜನೆ ಪ್ರಕಾರ ಒಂದು ಗಂಟೆಗೆ ಅಲ್ಲಿರಬೇಕು. ಕೋಟೆ ಕಂಡಾಗ ಗಡಿಯಾರ ಒಂದು ಗಂಟೆ ಇಪ್ಪತ್ತು ನಿಮಿಷ ತೋರಿಸ್ತಿದೆ. ರಿಚ್ ಆಗಿರೋ ವಿಷಯ ಪೈಲಟ್‌ಗೆ ಗೊತ್ತೇ ಇಲ್ಲ ಅಂತಲೇ ಇಟ್ಕೊಳ್ಳಿ, ಅವನ ತಲೆಯಲ್ಲಿ ಇನ್ನೂ 23 ಲೀಟರ್. ಆ ತಪ್ಪು ಸಂಖ್ಯೆಯಲ್ಲೇ ಲೆಕ್ಕ ಹಾಕಿದರೂ 31 ಲೀಟರ್ ಹೋಗಿದೆ, 34 ಉಳಿದಿದೆ, ಮುಂದಕ್ಕೆ ಇನ್ನೂ 31 ಬೇಕು. ಮೀಸಲು ಮುರಿಯೋದು ಚಿತ್ರದುರ್ಗದಲ್ಲೇ ಗೊತ್ತಾಗುತ್ತೆ. ಅಲ್ಲಿಂದ ವಾಪಸ್ ತಿರುಗಿದರೆ ಅದೇ ಗಾಳಿ ಬೆನ್ನಿಗೆ: 125 ನಾಟ್, 48 ನಿಮಿಷಕ್ಕೆ ಜಕ್ಕೂರು. ನಿಜವಾದ 27 ಲೀಟರ್ ಖರ್ಚಿನಲ್ಲೂ ಏಳು ಲೀಟರ್ ಉಳಿಸಿಕೊಂಡು ಇಳಿಯಬಹುದು. ಹಿಂದೆ ಹೋಗೋದಕ್ಕೆ ಇಷ್ಟವಿಲ್ಲದಿದ್ದರೆ 2023ರಿಂದ ಶಿವಮೊಗ್ಗ ವಿಮಾನ ನಿಲ್ದಾಣವೂ ಇದೆ, ಸುಮಾರು 50 ಮೈಲಿ, ಆದರೆ ಗಾಳಿಗೆ ಎದುರಾಗಿ.

ಇಲ್ಲಿ ಮುಳ್ಳು ಬೇಕಾಗಲಿಲ್ಲ. ಗಡಿಯಾರ ಸಾಕಾಯ್ತು. ಅದಕ್ಕೇ ಹಳೇ ಪೈಲಟ್‌ಗಳು ಇಂಧನವನ್ನು ಲೀಟರಿನಲ್ಲಿ ಹೇಳಲ್ಲ, ಗಂಟೆ-ನಿಮಿಷದಲ್ಲಿ ಹೇಳ್ತಾರೆ.

ಲೀಟರ್, ಪೌಂಡ್, ಕಿಲೋ

ಫಸ್ಟ್ ಸೆಮ್‌ನಲ್ಲಿ ಯೂನಿಟ್ ಬರೆಯದೆ ಅರ್ಧ ಮಾರ್ಕ್ಸ್ ಕಳ್ಕೊಂಡವರು ಈ ಭಾಗ ಗಮನವಿಟ್ಟು ಓದಿ. ಇದು ಸಣ್ಣ ವಿಮಾನದ ಕಥೆ ಅಲ್ಲ, ಆದರೆ ಲೆಕ್ಕದ ತಪ್ಪು ಇಷ್ಟು ಸ್ವಚ್ಛವಾಗಿ ದಾಖಲಾಗಿರೋದು ಬೇರೆಲ್ಲೂ ಇಲ್ಲ.

1983ರ ಜುಲೈ 23. ಏರ್ ಕೆನಡಾದ ಹೊಸ ಬೋಯಿಂಗ್ 767, ಮಾಂಟ್ರಿಯಲ್‌ನಿಂದ ಎಡ್ಮಂಟನ್‌ಗೆ. ಇಂಧನದ ಗೇಜ್ ಕೆಟ್ಟಿತ್ತು, ಹಾಗಾಗಿ ಕಡ್ಡಿಯಲ್ಲಿ ಅಳೆದರು. ಟ್ಯಾಂಕಲ್ಲಿ 7,682 ಲೀಟರ್ ಇತ್ತು. ಬೇಕಾಗಿದ್ದದ್ದು 22,300 ಕಿಲೋ. ಲೀಟರನ್ನು ಕಿಲೋ ಮಾಡೋಕೆ ಸುಮಾರು 0.8ರಿಂದ ಗುಣಿಸಬೇಕು. ಅವರ ಕೈಲಿದ್ದ ಸಂಖ್ಯೆ 1.77. ಅದು ಲೀಟರಿಗೆ ಪೌಂಡ್ ಎಷ್ಟು ಅನ್ನೋದು. ಕೆನಡಾ ಆಗಷ್ಟೇ ಮೆಟ್ರಿಕ್‌ಗೆ ಬದಲಾಗುತ್ತಿತ್ತು, ಆ ವಿಮಾನ ಕಿಲೋ ಲೆಕ್ಕದ್ದು, ಮಿಕ್ಕವು ಪೌಂಡ್ ಲೆಕ್ಕದವು. 20,088 ಲೀಟರ್ ತುಂಬಬೇಕಾದಲ್ಲಿ 4,917 ಲೀಟರ್ ತುಂಬಿ ಹೊರಟರು. ಬೇಕಾದ್ದರಲ್ಲಿ ಅರ್ಧವೂ ಇರಲಿಲ್ಲ. ಲೆಕ್ಕವನ್ನ ಒಬ್ಬರಿಗಿಂತ ಹೆಚ್ಚು ಜನ ನೋಡಿದ್ದರು. ಗುಣಾಕಾರ ಸರಿಯಾಗೇ ಇತ್ತು.

ದಾರಿಯಲ್ಲೇ ಎರಡೂ ಎಂಜಿನ್ ನಿಂತವು. ಕ್ಯಾಪ್ಟನ್ ಬಾಬ್ ಪಿಯರ್ಸನ್ ಬಿಡುವಿನಲ್ಲಿ ಗ್ಲೈಡರ್ ಹಾರಿಸುವವರು. ಗಿಮ್ಲಿ ಅನ್ನುವ ಊರಿನ ಹಳೇ ವಾಯುಪಡೆ ರನ್‌ವೇಗೆ ತೇಲಿಸಿಕೊಂಡು ಬಂದು ಇಳಿಸಿದರು. ಅವತ್ತು ಅಲ್ಲಿ ಕಾರ್ ರೇಸಿನವರು ಸೇರಿದ್ದರು. ಒಳಗಿದ್ದ 69 ಜನರೂ ಬದುಕಿದರು.

ಹಿಂದೆ ತಿರುಗಿ ನಾಬ್ ಹುಡುಕಿದವರು

ಇದು ಪೂರ್ತಿ ಸಣ್ಣ ವಿಮಾನದ್ದೇ ಕಥೆ. 1997ರ ಅಕ್ಟೋಬರ್ 12ರಂದು ಅಮೆರಿಕದ ಪ್ರಸಿದ್ಧ ಗಾಯಕ ಜಾನ್ ಡೆನ್ವರ್ ತಮ್ಮ ಲಾಂಗ್-ಈಝಡ್ ವಿಮಾನದಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಯ ಮೇಲೆ ಹಾರುತ್ತಿದ್ದರು. ಬರ್ಟ್ ರುಟಾನ್ ವಿನ್ಯಾಸ ಮಾಡಿದ, ಮನೆಯಲ್ಲೇ ಕಟ್ಟಿಕೊಳ್ಳುವ ವಿಮಾನ ಅದು. ಎರಡು ಟ್ಯಾಂಕ್, ಯಾವುದರಿಂದ ಇಂಧನ ಬರಬೇಕು ಅನ್ನೋದಕ್ಕೆ ಒಂದು ನಾಬ್. ಮೂಲ ವಿನ್ಯಾಸದಲ್ಲಿ ಅದು ಪೈಲಟ್‌ನ ಮುಂದೆ, ಕಾಲುಗಳ ನಡುವೆ ಇರುತ್ತೆ. ಈ ವಿಮಾನ ಕಟ್ಟಿದವರು ಕಾಕ್‌ಪಿಟ್‌ನೊಳಗೆ ಇಂಧನದ ಪೈಪ್ ಬೇಡ ಅಂತ ಅದನ್ನ ಎಡಭುಜದ ಹಿಂದಕ್ಕೆ ಸರಿಸಿದ್ದರು. ಯೋಚಿಸಿ ನೋಡಿದರೆ ಸುರಕ್ಷತೆಗಾಗಿಯೇ ಮಾಡಿದ ಬದಲಾವಣೆ! ಇಂಧನ ತೋರಿಸುವ ಗಾಜೂ ಹಿಂದೆಯೇ, ಅದರ ಮೇಲೆ ಪ್ರಮಾಣದ ಗುರುತೂ ಇರಲಿಲ್ಲ. ಹೊರಡುವ ಮುಂಚೆ ಹಿಂದೆ ನೋಡೋಕೆ ಅಂತ ತಂತ್ರಜ್ಞರೊಬ್ಬರು ಪುಟ್ಟ ಕನ್ನಡಿ ಕೊಟ್ಟರು. ಇಂಧನ ಹಾಕಲಾ ಅಂತಲೂ ಕೇಳಿದರು. ಒಂದು ಗಂಟೆ ಹಾರೋದಷ್ಟೇ, ಬೇಡ ಅಂದರು ಡೆನ್ವರ್.

ಸುಮಾರು 500 ಅಡಿ ಎತ್ತರದಲ್ಲಿ ಟ್ಯಾಂಕ್ ಬದಲಿಸಬೇಕಾಯ್ತು. ಬಲಗೈಯನ್ನ ಎಡಭುಜದ ಹಿಂದಕ್ಕೆ ಚಾಚಬೇಕು. ಈಗ ಓದ್ತಾ ಕೂತಿರೋ ಕುರ್ಚಿಯಲ್ಲೇ ಮಾಡಿ ನೋಡಿ, ನಿಮ್ಮ ಬಲಗಾಲು ತಾನಾಗೇ ನೆಲವನ್ನ ಒತ್ತುತ್ತೆ. ವಿಮಾನದಲ್ಲಿ ಬಲಗಾಲ ಕೆಳಗಿರೋದು ರಡ್ಡರ್ ಪೆಡಲ್. ವಿಮಾನ ಬಲಕ್ಕೆ ತಿರುಚಿ ಸಮುದ್ರಕ್ಕೆ ಬಿತ್ತು. ನಾಬ್ ತಿರುಗಿಸುವ ಯತ್ನದಲ್ಲಿ ಗಮನ ಬೇರೆಡೆ ಹೋಗಿ, ಗೊತ್ತಿಲ್ಲದೆ ರಡ್ಡರ್ ಒತ್ತಿದ್ದು ಅಪಘಾತಕ್ಕೆ ಕಾರಣ ಅಂದಿತು ತನಿಖೆ. ನಾಬ್ ಇದ್ದ ಜಾಗ, ಗುರುತಿಲ್ಲದ ಗಾಜು, ಹೊಸ ವಿಮಾನದ ಪರಿಚಯ ಸಾಲದೇ ಇದ್ದದ್ದು, ಕಡಿಮೆ ಇಂಧನದಲ್ಲಿ ಹೊರಟದ್ದು, ಎಲ್ಲವನ್ನೂ ಪಟ್ಟಿ ಮಾಡಿತು. ನಾವು ಎಸ್‌ಎಇ ಬಾಹಾಗೆ, ಡ್ರೋನ್‌ಗೆ ಸ್ವಿಚ್ಚು ಇಡುವಾಗ "ಎಲ್ಲಿ ಜಾಗ ಇದೆಯೋ ಅಲ್ಲಿ" ಅಂತ ಇಡ್ತೀವಲ್ಲ, ಆಗೆಲ್ಲ ನನಗೆ ಈ ಎಡಭುಜ ನೆನಪಾಗುತ್ತೆ.

ಬಾಯಿಬಿಟ್ಟು ಹೇಳೋದು

ಇಂಧನ ಮುಗಿಯುತ್ತಿದೆ ಅನ್ನೋದು ಗೊತ್ತಿದ್ದೂ ಹೇಳದೇ ಇರೋದು ಇದರಲ್ಲಿ ಅತಿ ಕಷ್ಟದ ಭಾಗ. ಅದು ಇಂಜಿನಿಯರಿಂಗ್ ಅಲ್ಲ, ಸಂಕೋಚ. ದೊಡ್ಡ ವಿಮಾನಗಳಲ್ಲಿ ಕಾಕ್‌ಪಿಟ್ ಮಾತು ರೆಕಾರ್ಡ್ ಆಗುವುದರಿಂದ ಇದು ಅಲ್ಲಿ ಚೆನ್ನಾಗಿ ಕಾಣುತ್ತೆ. 1978ರಲ್ಲಿ ಪೋರ್ಟ್‌ಲೆಂಡ್‌ನಲ್ಲಿ ಯುನೈಟೆಡ್‌ನ ಡಿಸಿ-8 ಒಂದು, ಚಕ್ರದ ತೊಂದರೆ ನೋಡ್ತಾ ಸುಮಾರು ಒಂದು ಗಂಟೆ ಸುತ್ತು ಹೊಡೆದು ಇಂಧನ ಮುಗಿದು ಬಿತ್ತು. ಹತ್ತು ಜನ ಸತ್ತರು. ಇಂಧನ ಕಮ್ಮಿ ಅಂತ ಫ್ಲೈಟ್ ಇಂಜಿನಿಯರ್ ಹೇಳಿದ್ದರು, ಕ್ಯಾಪ್ಟನ್‌ಗೆ ನಾಟುವಷ್ಟು ಜೋರಾಗಿ ಹೇಳಲಿಲ್ಲ. 1990ರ ಜನವರಿ 25ರಂದು ನ್ಯೂಯಾರ್ಕ್ ಬಳಿ ಬಿದ್ದ ಅವಿಯಾಂಕಾ ವಿಮಾನದವರು ಇಂಧನ ಮುಗೀತಾ ಇದೆ ಅಂತ ಕಂಟ್ರೋಲ್‌ಗೆ ಹೇಳಿದರು, ಆದರೆ "ಎಮರ್ಜೆನ್ಸಿ" ಅನ್ನೋ ಪದ ಬಳಸಲಿಲ್ಲ. ಕಂಟ್ರೋಲ್‌ನವರಿಗೆ ಅದು ಇನ್ನೊಂದು ದೂರಿನ ಹಾಗೆ ಕೇಳಿಸಿತು. 73 ಜನ ಹೋದರು.

ನಮ್ಮ ಪಕ್ಕದಲ್ಲೂ ಆಗಿದೆ. 1993ರ ನವೆಂಬರ್ 15ರಂದು ಮದ್ರಾಸಿನಿಂದ ಹೈದರಾಬಾದಿಗೆ ಹೋದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ300, ಅಲ್ಲಿ ಮಂಜಿನಿಂದ ಇಳಿಯಲಾಗದೆ ಮೇಲೆದ್ದಿತು. ಫ್ಲ್ಯಾಪ್ ಪೂರ್ತಿ ಒಳಗೆ ಹೋಗದೆ ಸಿಕ್ಕಿಕೊಂಡಿತು. ಆ ಸ್ಥಿತಿಯಲ್ಲೇ ಮದ್ರಾಸಿಗೆ ತಿರುಗಿದರು. ಹೊರಗೆ ಚಾಚಿದ ಫ್ಲ್ಯಾಪ್ ಅಂದರೆ ಡ್ರ್ಯಾಗ್, ಡ್ರ್ಯಾಗ್ ಅಂದರೆ ಇಂಧನ. ಮಾಮೂಲಿ ಖರ್ಚಿನ ಲೆಕ್ಕ ಅಲ್ಲಿಗೆ ಸುಳ್ಳಾಯ್ತು. ಕೊನೆಗೆ ತಿರುಪತಿ ಸೀಮೆಯ ಭತ್ತದ ಗದ್ದೆಯಲ್ಲಿ ಇಳಿಸಿದರು. ಯಾರೂ ಸಾಯಲಿಲ್ಲ.

ಈಗ ಪದಗಳನ್ನ ನಿಗದಿ ಮಾಡಿದ್ದಾರೆ. "ಮಿನಿಮಮ್ ಫ್ಯೂಯೆಲ್" ಅಂದರೆ ಇನ್ನು ತಡ ಮಾಡಿಸಬೇಡಿ ಅಂತ. ಮೀಸಲಿಗೇ ಕೈ ಹಾಕಬೇಕಾಗುತ್ತೆ ಅಂದಾಗ "ಮೇಡೇ ಮೇಡೇ ಮೇಡೇ ಫ್ಯೂಯೆಲ್". ಇದನ್ನ ನಮ್ಮ ಊರೇ ಕೇಳಿಸಿಕೊಂಡಿದೆ. 2025ರ ಜೂನ್ 19ರಂದು ಗುವಾಹಟಿಯಿಂದ ಚೆನ್ನೈಗೆ ಹೊರಟ ಇಂಡಿಗೋ ವಿಮಾನ ಅಲ್ಲಿ ಇಳಿಯಲಾಗದೆ ಬೆಂಗಳೂರಿಗೆ ತಿರುಗಿತು. ಸುಮಾರು 35 ಮೈಲಿ ದೂರವಿರುವಾಗ ಪೈಲಟ್ ಮೇಡೇ ಹೇಳಿದರು ಅಂತ ವರದಿಯಾಯಿತು. ಕೆಂಪೇಗೌಡ ನಿಲ್ದಾಣದಲ್ಲಿ ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಾ ಸಜ್ಜಾದವು. ರಾತ್ರಿ 8:20ರ ಹೊತ್ತಿಗೆ 168 ಪ್ರಯಾಣಿಕರೊಂದಿಗೆ ಸುಮ್ಮನೆ ಇಳಿಯಿತು. ಆಮೇಲೆ ಸುದ್ದಿಯಲ್ಲಿ ಅದು "ತಪ್ಪಿದ ಭಾರಿ ದುರಂತ" ಅಂತ ಬಂತು. ನನಗೆ ಆ ಶೀರ್ಷಿಕೆ ಒಪ್ಪಿಗೆ ಇಲ್ಲ. ಇಳಿಯಲು ಸಾಕಾಗುವಷ್ಟು ಇಂಧನ ಇರುವಾಗಲೇ ಬಾಯಿಬಿಟ್ಟು ಹೇಳುವುದಕ್ಕೇ ಆ ಪದಗಳನ್ನ ಮಾಡಿರೋದು.

ಸಣ್ಣ ವಿಮಾನದಲ್ಲಿ ಒಬ್ಬನೇ ಇರುವವನಿಗೆ ಹೇಳೋಕೆ ಪಕ್ಕದಲ್ಲಿ ಯಾರೂ ಇರಲ್ಲ. ತನಗೆ ತಾನೇ ಹೇಳ್ಕೋಬೇಕು. ಅದಕ್ಕೆ ತೊಡೆಗೆ ಕಟ್ಟಿದ ಪುಟ್ಟ ಹಲಗೆಯ ಮೇಲೆ ಒಂದು ಚೀಟಿ ಇರುತ್ತೆ: ಹೊರಟ ಸಮಯ, ಟ್ಯಾಂಕ್ ಬದಲಿಸಿದ ಸಮಯ, ಈ ಗುರುತಿನ ಊರಿಗೆ ಇಷ್ಟೊತ್ತಿಗೆ ಬರಬೇಕು, ಬಂದದ್ದು ಇಷ್ಟೊತ್ತಿಗೆ. ಇಷ್ಟು ನಿಮಿಷ ಆದ ಮೇಲೆ ಎಲ್ಲೇ ಇರಲಿ ಇಳೀತೀನಿ ಅನ್ನುವ ಸಮಯವನ್ನ ನೆಲದ ಮೇಲಿರುವಾಗಲೇ ಬರೆದಿಡುವವರೂ ಇದ್ದಾರೆ. ಮೇಲೆ ಹೋದ ಮೇಲೆ, ಊರು ಇನ್ನೇನು ಬಂತು ಅನ್ನುವಾಗ, ಆ ಸಂಖ್ಯೆಯನ್ನ ಹುಟ್ಟಿಸಲು ಯಾರಿಂದಲೂ ಆಗಲ್ಲ.

ಎಂಜಿನ್ ನಿಂತೇ ಹೋದರೆ ಮೊದಲ ಕೆಲಸ ಮೂಗು ಸ್ವಲ್ಪ ತಗ್ಗಿಸಿ ಗ್ಲೈಡ್ ವೇಗ ಹಿಡಿಯೋದು. ಆಮೇಲೆ ನಾಬ್ ಇನ್ನೊಂದು ಟ್ಯಾಂಕಿಗೆ ತಿರುಗಿಸಿ ನೋಡೋದು, ಆಮೇಲೆ ಹೊಲ ಆರಿಸೋದು. ನಮ್ಮ ಸೀಮೆಯಲ್ಲಿ ತೆಂಗಿನ ತೋಟ, ಅಡಿಕೆ ತೋಟ ಬೇಡ. ಕೊಯ್ಲಾದ ರಾಗಿ ಹೊಲ, ಜೋಳದ ಹೊಲ ಒಳ್ಳೆಯದು, ಬದು ಅಡ್ಡ ಬರದ ಹಾಗೆ ಉದ್ದಕ್ಕೆ. ರಸ್ತೆ ಆಸೆ ಹುಟ್ಟಿಸುತ್ತೆ, ಆದರೆ ರಸ್ತೆ ಇದ್ದ ಕಡೆ ಕರೆಂಟ್ ವೈರ್ ಇರುತ್ತೆ. ಮೇಲಿಂದ ವೈರ್ ಕಾಣಲ್ಲ, ಕಂಬ ನೋಡಿ ಊಹಿಸಬೇಕು. ಹೀಗೆ ಇಳಿದ ವಿಮಾನದ ಹತ್ತಿರ ಹೋಗುವ ತನಿಖೆಯವರಿಗೆ ಕಾರಣ ಬೇಗ ಗೊತ್ತಾಗುತ್ತಂತೆ. ಬೆಂಕಿ ಹತ್ತಿರಲ್ಲ, ನೆಲ ನೆಂದಿರಲ್ಲ, ಪೆಟ್ರೋಲ್ ವಾಸನೆ ಇರಲ್ಲ, ಪ್ರೊಪೆಲರ್ ತಿರುಗದೆ ನಿಂತಿದ್ದರಿಂದ ಅದರ ಅಲಗು ಸುರುಳಿಯಾಗಿ ಬಾಗಿರಲ್ಲ.

ನಮ್ಮ ಸ್ಪ್ಲೆಂಡರ್ ಟ್ಯಾಂಕಿನ ಮೇಲೆ ಈಗ ಒಂದು ಬಿಳೀ ಟೇಪ್ ಅಂಟಿದೆ. ಪೆಟ್ರೋಲ್ ಹಾಕಿಸಿದಾಗಿನ ಕಿಲೋಮೀಟರ್ ಅದರ ಮೇಲೆ ಮಾರ್ಕರ್‌ನಲ್ಲಿ ಬರೀತೀವಿ. ಗಾಡಿ ಇಸ್ಕೊಂಡು ಹೋಗುವವರಿಗೆ ಕೀ ಕೊಡುವ ಮುಂಚೆ ರೂಮ್‌ಮೇಟ್ ಬಗ್ಗಿ ನಾಬ್ ಮುಟ್ಟಿ ನೋಡ್ತಾನೆ. ವಾಪಸ್ ಬಂದಾಗಲೂ.